ಸರ್ಕಾರಿ ಗಣಕ ಸೇವೆಗಳನ್ನು ಹಲವರಿಗೆ ಒದಗುವಂತೆ ಕಟ್ಟುವ ಕ್ರಮ

(ರೈತರು ಮತ್ತು ವಿಸ್ತರಣಾ ಕಾರ್ಯಕರ್ತರ ತರಬೇತಿಯಲ್ಲಿ ನೀಡಿದ ಭಾಷಣದ ಪಾಠ)



2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಬೆಳೆ ನಷ್ಟದ ಪರಿಹಾರವನ್ನು ‘ಫ್ರೂಟ್ಸ್’ ಎಂಬ ರೈತ ನೋಂದಣಿ ತಂತ್ರಾಂಶದಲ್ಲಿದ್ದ ವಿವರಗಳನ್ನು ಆಧರಿಸಿ ನೇರವಾಗಿ ಬ್ಯಾಂಕು ಖಾತೆಗೆ ಹಾಕಲಾಯಿತು. ಆ ಹೊತ್ತಿನಲ್ಲಿ, ಜಮೀನಿನ ಎಲ್ಲ ಸರ್ವೆ ನಂಬರುಗಳನ್ನೂ ಫ್ರೂಟ್ಸ್‌ನಲ್ಲಿ ಸೇರಿಸಿಕೊಳ್ಳಿರೆಂದು ಕಂದಾಯ ಮತ್ತು ಕೃಷಿ ಇಲಾಖೆಗಳು ಹಳ್ಳಿ ಹಳ್ಳಿಗಳಲ್ಲಿ ಸಾರಬೇಕಾಯಿತು. ಹೀಗೆ ಸಾರಿದ್ದು ಏಕೆ ಎಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು.

ಒಬ್ಬ ರೈತನಿಗೆ ಎರಡು ಸರ್ವೆ ನಂಬರುಗಳಲ್ಲಿ ಎರಡೆರಡು ಎಕರೆಯಂತೆ ಒಟ್ಟು ನಾಲ್ಕು ಎಕರೆ ಖುಷ್ಕಿ ಜಮೀನಿದೆ ಎಂದಿಟ್ಟುಕೊಳ್ಳಿ. 2022ರಿಂದ 2026ರವರೆಗಿನ ಅವಧಿಗೆ ನಿಗದಿಯಾದ ವಿಪತ್ತು ಪರಿಹಾರ ನಿಯಮದಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಎರಡು ಹೆಕ್ಟೇರಿಗೆ ಮೀರದಂತೆ. ನಾಲ್ಕು ಎಕರೆಗೆ ಸುಮಾರು 13,600 ರೂಪಾಯಿ ಬರಬೇಕು. ನೋಂದಣಿಯಲ್ಲಿ ಒಂದೇ ಸರ್ವೆ ನಂಬರು ಇದ್ದರೆ ಬರುವುದು 6,800. ಈ ರೈತನ ಪಹಣಿ ಸರಿಯಾಗಿದೆ, ಎರಡೂ ಹೊಲಗಳಲ್ಲಿ ಬೆಳೆ ಒಣಗಿದ್ದು ನಿಜ, ಬ್ಯಾಂಕು ಖಾತೆಯೂ ಸರಿಯಿದೆ. ಒಂದು ಗಣಕಯಂತ್ರವು ಇನ್ನೊಂದನ್ನು ಕೇಳಿದಾಗ ಅರ್ಧ ಉತ್ತರ ಬಂತು, ಅಷ್ಟೇ. ಆ ಅರ್ಧದ ಬೆಲೆ 6,800 ರೂಪಾಯಿ.

ಗಣಕಯಂತ್ರದ ವಿಷಯ ನಗರದವರಿಗೆ, ಇಂಜಿನಿಯರುಗಳಿಗೆ ಎಂಬ ಭಾವನೆ ಹಳ್ಳಿಗಳಲ್ಲಿ ಇನ್ನೂ ಇದೆ. ಆದರೆ ಬೀಜದ ರಿಯಾಯಿತಿ, ಬೆಳೆ ಸಾಲ, ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ, ಪಿ.ಎಂ. ಕಿಸಾನ್ ಕಂತು ಇವೆಲ್ಲವೂ ಈಗ ಗಣಕಯಂತ್ರಗಳ ಪರಸ್ಪರ ಮಾತುಕತೆಯ ಮೇಲೆ ನಿಂತಿರುವುದರಿಂದ ಆ ಮಾತುಕತೆಯನ್ನು ಹೇಗೆ ಕಟ್ಟಬೇಕೆಂಬುದು ರೈತನಿಗೂ ತಿಳಿದಿರಬೇಕು. ವಿಸ್ತರಣಾ ಕಾರ್ಯಕರ್ತರಿಗಂತೂ ಇದು ತಿಳಿಯದೆ ತೀರದು. ಕಛೇರಿಯ ಕಿಟಕಿಯಲ್ಲಿ ರೈತನ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಅವರೇ.

ವೆಬ್ ಸೇವೆ ಎಂದರೇನು?

ಒಂದು ಇಲಾಖೆಯ ಗಣಕಯಂತ್ರವು ಅಂತರ್ಜಾಲದ ಮೂಲಕ ಇನ್ನೊಂದು ಇಲಾಖೆಯ ಗಣಕಯಂತ್ರಕ್ಕೆ ಗೊತ್ತುಪಡಿಸಿದ ಒಂದು ಪ್ರಶ್ನೆಯನ್ನು ಕೇಳುತ್ತದೆ. ಅದು ಗೊತ್ತುಪಡಿಸಿದ ರೂಪದಲ್ಲಿ ಉತ್ತರ ಕೊಡುತ್ತದೆ. ನಡುವೆ ಮನುಷ್ಯರು ಯಾರೂ ಇರುವುದಿಲ್ಲ. ಇದೇ ವೆಬ್ ಸೇವೆ. ಒಂದು ಪ್ರಶ್ನೆಗಾಗಿ ಒಮ್ಮೆ ಕಟ್ಟಿದ ಇಂತಹ ಸೇವೆಯನ್ನು ಹತ್ತು ಇಲಾಖೆಗಳು ಹತ್ತು ಕೆಲಸಗಳಿಗೆ ಬಳಸುವಂತಿದ್ದರೆ ಅದನ್ನು ಮರುಬಳಕೆಯ ಸೇವೆ ಎನ್ನಬಹುದು.

ಇದನ್ನು ಅರಿಯಲು ಟ್ರ್ಯಾಕ್ಟರಿನ ಹಿಂಭಾಗವನ್ನು ನೋಡಿದರೆ ಸಾಕು. ಹ್ಯಾರಿ ಫರ್ಗ್ಯುಸನ್ ರೂಪಿಸಿದ ಮೂರು ಬಿಂದುಗಳ ಜೋಡಣೆ ಅಲ್ಲಿದೆ. ಟ್ರ್ಯಾಕ್ಟರು ಒಂದು ಕಂಪನಿಯದು, ಕಲ್ಟಿವೇಟರು ಇನ್ನೊಂದು ಊರಿನ ವರ್ಕ್‌ಶಾಪಿನದು, ರೋಟವೇಟರು ಮತ್ತೊಬ್ಬರದು. ಆದರೂ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಪಿನ್ನಿನ ದಪ್ಪ, ಕೈಗಳ ಅಂತರ, ಪಿ.ಟಿ.ಓ. ಶಾಫ್ಟಿನ ಅಳತೆ ಮತ್ತು ವೇಗ ಇಷ್ಟು ಮಾತ್ರ ಮೊದಲೇ ಒಪ್ಪಂದವಾಗಿವೆ. ರೋಟವೇಟರು ಮಾಡುವವನಿಗೆ ಇಂಜಿನ್ನಿನ ಒಳಗೇನಿದೆ ಎಂಬುದು ಬೇಕಿಲ್ಲ. ನಾಳೆ ಟ್ರ್ಯಾಕ್ಟರು ಬದಲಾಯಿಸಿದರೂ ರೋಟವೇಟರನ್ನು ಗುಜರಿಗೆ ಹಾಕಬೇಕಿಲ್ಲ. ವೆಬ್ ಸೇವೆಯ ಮೊದಲನೆಯ ತತ್ತ್ವವೂ ಇದೇ ಆಗಿದೆ: ಒಪ್ಪಂದ ಜೋಡಣೆಯ ಜಾಗದಲ್ಲಿರಬೇಕು, ಒಳಗಿನ ಯಂತ್ರದ ಗೊಡವೆ ಹೊರಗಿನವರಿಗೆ ಬೇಡ.

ಭೂಮಿ ಯೋಜನೆ ಕಲಿಸಿದ್ದು

ರಾಜ್ಯದಲ್ಲಿ ಪಹಣಿಗಳನ್ನು, ಉತ್ತರ ಕರ್ನಾಟಕದವರ ಮಾತಿನಲ್ಲಿ ಉತಾರಗಳನ್ನು, ಮೊದಲು ಸುಮಾರು 9,000 ಗ್ರಾಮ ಲೆಕ್ಕಿಗರು ಕೈಯಲ್ಲಿ ಬರೆದಿಡುತ್ತಿದ್ದರು. 2000ದ ಸುಮಾರಿಗೆ ಭೂಮಿ ಯೋಜನೆಯಡಿ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ದಾಖಲೆಗಳು ಗಣಕಯಂತ್ರಕ್ಕೆ ಏರಿದವು. ತಾಲ್ಲೂಕು ಕಛೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿಯ ಪ್ರತಿ ಸಿಗತೊಡಗಿತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಲೇವಾರಿ ಮಾಡುವಂತೆ ತಂತ್ರಾಂಶವೇ ಕಟ್ಟುಮಾಡಿತು. ಇದು ದೊಡ್ಡ ಕೆಲಸವೇ ಸರಿ.

ಆದರೂ ಆ ವರ್ಷಗಳಲ್ಲಿ ಗಣಕಯಂತ್ರದಿಂದ ಹೊರಬಂದದ್ದು ಕಾಗದ. ರೈತ ಆ ಕಾಗದವನ್ನು ಹಿಡಿದು ಬ್ಯಾಂಕಿಗೆ ಹೋಗಬೇಕು, ಅಲ್ಲಿಯ ಗುಮಾಸ್ತ ಅದನ್ನು ತಮ್ಮ ಗಣಕಯಂತ್ರಕ್ಕೆ ಮತ್ತೆ ಟೈಪು ಮಾಡಬೇಕು. ಕೃಷಿ ಇಲಾಖೆಗೆ ಇನ್ನೊಂದು ಪ್ರತಿ, ತೋಟಗಾರಿಕೆಗೆ ಮತ್ತೊಂದು, ವಿಮೆಗೆ ಮಗದೊಂದು. ಎರಡು ಗಣಕಯಂತ್ರಗಳ ನಡುವಿನ ತಂತಿಯ ಕೆಲಸವನ್ನು ರೈತ ಬಸ್ ಚಾರ್ಜು ಕೊಟ್ಟು ಮಾಡುತ್ತಿದ್ದ. ಪ್ರತಿ ಇಲಾಖೆಯೂ ತನ್ನದೇ ರೈತರ ಪಟ್ಟಿಯನ್ನು ಇಟ್ಟುಕೊಂಡಿತು. ಒಂದೊಂದು ಪಟ್ಟಿಯಲ್ಲಿ ಒಂದೊಂದು ಕಾಗುಣಿತ, ಒಂದೊಂದು ವಿಸ್ತೀರ್ಣ. ಯಾವುದು ನಿಜವೆಂದು ಕೇಳಿದರೆ ಪ್ರತಿಯೊಬ್ಬರೂ ತಮ್ಮದೇ ಎಂದು ಹೇಳುವ ಪರಿಸ್ಥಿತಿ.

ಇದರಿಂದ ಹುಟ್ಟುವ ತತ್ತ್ವ ಸರಳವಾಗಿದೆ. ಒಂದು ವಿಷಯಕ್ಕೆ ಒಬ್ಬನೇ ಯಜಮಾನ ಇರಬೇಕು. ಜಮೀನಿನ ಒಡೆತನಕ್ಕೆ ಕಂದಾಯ ಇಲಾಖೆಯ ಭೂಮಿ, ನೋಂದಣಿಯಾದ ಕ್ರಯಪತ್ರಕ್ಕೆ ಉಪನೋಂದಣಾಧಿಕಾರಿಗಳ ಕಾವೇರಿ, ಅಳತೆ ನಕ್ಷೆಗೆ ಭೂಮಾಪನ ಇಲಾಖೆಯ ಮೋಜಣಿ. ಮಿಕ್ಕವರು ಬೇಕಾದಾಗ ಕೇಳಬೇಕು. ನಕಲು ಮಾಡಿ ಇಟ್ಟುಕೊಳ್ಳಬಾರದು. ನಕಲು ಮಾಡಿದ ದಿನ ಅದು ಸರಿಯಾಗಿರುತ್ತದೆ, ಮಾರನೆಯ ದಿನದಿಂದ ಹಳೆಯದಾಗುತ್ತ ಹೋಗುತ್ತದೆ.

ಈ ಮೂರು ಕಛೇರಿಗಳ ನಡುವಣ ಕೊಂಡಿ ಇದಕ್ಕೆ ಒಳ್ಳೆಯ ಉದಾಹರಣೆ. ಜಮೀನಿನ ಒಂದು ಭಾಗವನ್ನು ಮಾರುವಾಗ ಮೊದಲು 11ಇ ನಕ್ಷೆ ಆಗಬೇಕು. ನೋಂದಣಿಯ ಹೊತ್ತಿನಲ್ಲಿ ಕಾವೇರಿಯು ಭೂಮಿಯನ್ನು ಕೇಳಿ ಮಾರುವವನ ಹೆಸರು ಪಹಣಿಯಲ್ಲಿದೆಯೇ ಎಂದು ನೋಡುತ್ತದೆ. ನೋಂದಣಿ ಮುಗಿದ ಮೇಲೆ ಜೆ ಸ್ಲಿಪ್ ಎಂಬ ವರದಿ ಗಣಕಯಂತ್ರದಿಂದಲೇ ಭೂಮಿಗೆ ಹೋಗಿ ಖಾತೆ ಬದಲಾವಣೆಯ ಕೆಲಸ ಆರಂಭವಾಗುತ್ತದೆ. ಯಾವ ಇಲಾಖೆಯೂ ಮತ್ತೊಂದರ ಪುಸ್ತಕವನ್ನು ತಾನೇ ತಿದ್ದುವುದಿಲ್ಲ. ಕೇಳುತ್ತದೆ, ತಿಳಿಸುತ್ತದೆ, ಅಷ್ಟೇ.

ಕೆಲವೊಮ್ಮೆ ಅವಸರದಲ್ಲಿ ಒಂದು ಇಲಾಖೆಯವರು ಮತ್ತೊಂದು ಇಲಾಖೆಯ ದತ್ತಾಂಶದ ಉಗ್ರಾಣಕ್ಕೇ ನೇರ ಪ್ರವೇಶ ಕೇಳುವುದುಂಟು. ಇದು ನೆರೆಯವನಿಗೆ ಕಣಜದ ಬೀಗದ ಕೈ ಕೊಟ್ಟಂತೆ. ಬೇಕಾದ ಎರಡು ಸೇರು ರಾಗಿಯನ್ನು ಬಾಗಿಲಲ್ಲಿ ಅಳೆದು ಕೊಡುವುದು ಕ್ಷೇಮ. ಕಣಜದ ಒಳಗೆ ಚೀಲಗಳನ್ನು ಮರುಜೋಡಿಸಿದಾಗ, ಒಳಗೆ ಓಡಾಡಿ ಅಭ್ಯಾಸವಾದವನು ಕತ್ತಲಲ್ಲಿ ಎಡವುತ್ತಾನೆ. ಬಾಗಿಲಲ್ಲಿ ಪಡೆಯುವವನಿಗೆ ಅದರಿಂದ ತೊಂದರೆಯಿಲ್ಲ.

ಹೆಸರಲ್ಲ, ಸಂಖ್ಯೆ

ಎರಡು ಪಟ್ಟಿಗಳನ್ನು ಹೆಸರಿನಿಂದ ಕೂಡಿಸಲು ಹೋದವರೆಲ್ಲ ಕೈಸುಟ್ಟುಕೊಂಡಿದ್ದಾರೆ. ಪಹಣಿಯ 9ನೇ ಕಾಲಮಿನಲ್ಲಿ ‘ಸಿದ್ದಪ್ಪ ಬಿನ್ ಬಸಪ್ಪ’ ಎಂದಿರುತ್ತದೆ. ಆಧಾರ್ ಕಾರ್ಡಿನಲ್ಲಿ ‘ಸಿದ್ಧಪ್ಪ ಬಿ.’, ಬ್ಯಾಂಕಿನ ಪುಸ್ತಕದಲ್ಲಿ ಅಡ್ಡಹೆಸರು ಸೇರಿ ಮತ್ತೊಂದು ರೂಪ. ಒಂದೇ ಹಳ್ಳಿಯಲ್ಲಿ ಇದೇ ಹೆಸರಿನವರು ನಾಲ್ವರಿದ್ದರೂ ಆಶ್ಚರ್ಯವಿಲ್ಲ.

ಕನ್ನಡದ ಅಕ್ಷರಗಳೂ ಇಲ್ಲಿ ಒಂದು ತೊಡಕು ತರುತ್ತವೆ. ಹಿಂದಿನ ತಂತ್ರಾಂಶಗಳಲ್ಲಿ ಒಂದೊಂದು ಅಕ್ಷರಶೈಲಿಗೆ ಒಂದೊಂದು ಸಂಕೇತ ಕ್ರಮವಿತ್ತು. ಒಂದರಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಗೀಚು ಕಾಣುತ್ತಿತ್ತು. ಯೂನಿಕೋಡ್ ಬಂದ ಮೇಲೆ ಈ ಕಷ್ಟ ಬಹುಮಟ್ಟಿಗೆ ತೀರಿದೆ. ಆದರೆ ಪೂರ್ತಿಯಾಗಿ ಅಲ್ಲ. ‘ಕುಮಾರ್’ ಎಂದು ಬರೆದು ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಸಂಕೇತ ಸೇರಿಕೊಂಡರೆ, ಪರದೆಯ ಮೇಲೆ ಎರಡೂ ಒಂದೇ ತೆರನಾಗಿ ಕಂಡರೂ ಗಣಕಯಂತ್ರಕ್ಕೆ ಅವು ಬೇರೆ ಬೇರೆ ಹೆಸರು. ಕಿಟಕಿಯಲ್ಲಿ ಕುಳಿತವರು ಎರಡನ್ನೂ ಓದಿ ‘ಸರಿಯಾಗಿಯೇ ಇದೆಯಲ್ಲ’ ಎನ್ನುತ್ತಾರೆ. ಯಂತ್ರ ‘ಇಲ್ಲ’ ಎನ್ನುತ್ತದೆ. ಯಾರೂ ಸುಳ್ಳು ಹೇಳುತ್ತಿಲ್ಲ.

ಆದುದರಿಂದ ಕೂಡಿಸುವ ಕೆಲಸಕ್ಕೆ ಸಂಖ್ಯೆ ಬೇಕು. ಫ್ರೂಟ್ಸ್‌ನಲ್ಲಿ ರೈತನಿಗೆ ಕೊಡುವ ಎಫ್.ಐ.ಡಿ. ಇಂತಹುದು. ಆಧಾರ್, ಬ್ಯಾಂಕು ಖಾತೆ, ಭೂಮಿಯಿಂದ ಪಡೆದ ಸರ್ವೆ ನಂಬರುಗಳು ಒಂದು ಸಂಖ್ಯೆಗೆ ಒಮ್ಮೆ ಹೊಂದಿಕೊಳ್ಳುತ್ತವೆ. ಆಮೇಲೆ ಕೃಷಿ ಇಲಾಖೆಯ ಸಹಾಯಧನ, ಬೆಂಬಲ ಬೆಲೆಯ ಖರೀದಿ ಕೇಂದ್ರ, ‘ಸಂರಕ್ಷಣೆ’ ಬೆಳೆ ವಿಮೆ, ಬ್ಯಾಂಕು, ಇವೆಲ್ಲ ಆ ಸಂಖ್ಯೆಯನ್ನು ಮುಂದಿಟ್ಟು ವಿವರ ಕೇಳಿದರೆ ಸಾಕು. ಹೆಸರಿನ ಹೋಲಿಕೆಯ ಜಗಳ ಒಮ್ಮೆ, ಒಂದು ಕಡೆ, ಮನುಷ್ಯರ ಕಣ್ಣೆದುರಿಗೆ ಮುಗಿಯಬೇಕು. ಪ್ರತಿ ಯೋಜನೆಯಲ್ಲೂ ಅದನ್ನು ಮತ್ತೆ ಎಬ್ಬಿಸಬಾರದು.

ಸಂಖ್ಯೆಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಇದೆ. ಸಂಖ್ಯೆಯೊಳಗೆ ಅರ್ಥವನ್ನು ತುಂಬಬಾರದು. ರೈತನ ಗುರುತಿನ ಸಂಖ್ಯೆಯಲ್ಲಿ ತಾಲ್ಲೂಕಿನ ಸಂಕೇತವನ್ನು ಸೇರಿಸುವುದು ನೋಡಲು ಚೆಂದ. ಆದರೆ 2018ರಲ್ಲಿ ರಾಜ್ಯದಲ್ಲಿ ಸುಮಾರು 50 ಹೊಸ ತಾಲ್ಲೂಕುಗಳು ಹುಟ್ಟಿದವು. ಊರು ಅಲ್ಲೇ ಇದೆ, ಹೊಲ ಅಲ್ಲೇ ಇದೆ, ತಾಲ್ಲೂಕು ಮಾತ್ರ ಬೇರೆ. ಸಂಖ್ಯೆಯಲ್ಲಿ ತಾಲ್ಲೂಕು ಅಡಗಿದ್ದರೆ ಅದನ್ನು ಬದಲಿಸಬೇಕು, ಬದಲಿಸಿದರೆ ಅದನ್ನು ಬಳಸಿದ ಕಡೆಯಲ್ಲೆಲ್ಲ ತಪ್ಪುತ್ತದೆ. ಎತ್ತಿನ ಕಿವಿಗೆ ಹಾಕಿದ ಓಲೆಯ ಸಂಖ್ಯೆ ಸಂತೆಯಲ್ಲಿ ಮಾರಿದ ಮೇಲೂ ಅದೇ ಇರುವಂತೆ ಇದೂ ಇರತಕ್ಕದ್ದು.

ಕೇಂದ್ರ ಸರ್ಕಾರವು 2024ರ ಸೆಪ್ಟೆಂಬರಿನಲ್ಲಿ 2,817 ಕೋಟಿ ರೂಪಾಯಿಯ ಡಿಜಿಟಲ್ ಕೃಷಿ ಮಿಷನ್‌ಗೆ ಒಪ್ಪಿಗೆ ನೀಡಿ, ದೇಶದ 11 ಕೋಟಿ ರೈತರಿಗೆ ಗುರುತಿನ ಸಂಖ್ಯೆ ಕೊಡುವ ಗುರಿ ಇಟ್ಟುಕೊಂಡಿತು. ರಾಜ್ಯದ ಸಂಖ್ಯೆಯೊಂದು, ಕೇಂದ್ರದ ಸಂಖ್ಯೆಯೊಂದು ಆದಾಗ ಯಾವುದು ಯಾವುದಕ್ಕೆ ಸಮ ಎಂಬ ಪಟ್ಟಿಯನ್ನು ಒಂದೇ ಕಡೆ ಇಟ್ಟು, ಬೇಕಾದವರು ಅಲ್ಲಿ ಕೇಳುವಂತೆ ಮಾಡುವುದೇ ಸರಿಯಾದ ಮಾರ್ಗ. ರೈತನನ್ನು ಮತ್ತೆ ಸಾಲಿನಲ್ಲಿ ನಿಲ್ಲಿಸುವುದಲ್ಲ.

ಚುಕ್ಕೆಯಲ್ಲಿ ಮಾಯವಾಗುವ ಗುಂಟೆ

ಒಪ್ಪಂದ ಪತ್ರದಲ್ಲಿ ಅಳತೆಯ ಮಾನವನ್ನು ಸ್ಪಷ್ಟವಾಗಿ ಬರೆಯದಿದ್ದರೆ ಆಗುವ ಹಾನಿ ಸಣ್ಣದಲ್ಲ. ಪಹಣಿಯಲ್ಲಿ ವಿಸ್ತೀರ್ಣ ಎಕರೆ-ಗುಂಟೆಗಳಲ್ಲಿರುತ್ತದೆ. 40 ಗುಂಟೆಗೆ ಒಂದು ಎಕರೆ. 2 ಎಕರೆ 20 ಗುಂಟೆ ಎಂದರೆ ಎರಡೂವರೆ ಎಕರೆ ಎಂಬುದು ಶಾಲೆಗೆ ಹೋಗದ ಅಜ್ಜಿಗೂ ಗೊತ್ತು. ಅದನ್ನೇ 2.20 ಎಂದು ಚುಕ್ಕೆಯಿಟ್ಟು ಕಳುಹಿಸಿದರೆ ಪಡೆದ ಗಣಕಯಂತ್ರ ದಶಮಾಂಶವೆಂದು ಓದುತ್ತದೆ. ಅದರ ಲೆಕ್ಕದಲ್ಲಿ ಅದು 2 ಎಕರೆ 8 ಗುಂಟೆ. ಹನ್ನೆರಡು ಗುಂಟೆ ಜಮೀನು ಒಂದು ಚುಕ್ಕೆಯಲ್ಲಿ ಕರಗಿ ಹೋಯಿತು. 2 ಎಕರೆ 5 ಗುಂಟೆಯನ್ನು 2.5 ಎಂದು ಬರೆದರೆ ತದ್ವಿರುದ್ಧ. ಹದಿನೈದು ಗುಂಟೆ ಲಾಭ! ಅತಿ ಸಣ್ಣ ರೈತನ ಮಿತಿಯೇ ಒಂದು ಹೆಕ್ಟೇರು, ಅಂದರೆ ಸುಮಾರು ಎರಡೂವರೆ ಎಕರೆ. ಈ ಅಂಚಿನಲ್ಲಿ ನಿಂತವನು ಒಳಗೋ ಹೊರಗೋ ಎಂಬುದನ್ನು ಒಂದು ಚುಕ್ಕೆ ತೀರ್ಮಾನಿಸಿಬಿಡಬಹುದು.

ಇದಕ್ಕೆ ಪರಿಹಾರ ಕಷ್ಟವೇನಲ್ಲ. ಎಕರೆಗೆ ಒಂದು ಜಾಗ, ಗುಂಟೆಗೆ ಇನ್ನೊಂದು ಜಾಗ ಇಟ್ಟು ಬೇರೆ ಬೇರೆಯಾಗಿ ಕಳುಹಿಸಬೇಕು. ಇಲ್ಲವೇ ಎಲ್ಲವನ್ನೂ ಗುಂಟೆಗೆ ಇಳಿಸಿ ಒಂದೇ ಸಂಖ್ಯೆ ಕಳುಹಿಸಬೇಕು. ದಿನಾಂಕದ ವಿಷಯವೂ ಹೀಗೆಯೇ. 06-07 ಎಂದರೆ ಜೂನ್ ಏಳೋ ಜುಲೈ ಆರೋ? ಬಿತ್ತನೆಯ ದಿನ ತಪ್ಪಿದರೆ ವಿಮೆಯ ಗಡುವು ತಪ್ಪುತ್ತದೆ. ಒಪ್ಪಂದ ಪತ್ರ ಎಂದರೆ ಇಂತಹ ಚಿಲ್ಲರೆ ವಿಷಯಗಳನ್ನೆಲ್ಲ ಬರೆದಿಟ್ಟ ಕಾಗದ. ಅದನ್ನು ತಂತ್ರಾಂಶ ಕಟ್ಟುವ ಮೊದಲೇ ಬರೆದು, ಬಳಸುವ ಇಲಾಖೆಯವರಿಗೆ ಓದಿಸಿ ಒಪ್ಪಿಗೆ ಪಡೆಯಬೇಕು. ಕಟ್ಟಿ ಮುಗಿದ ಮೇಲೆ ಬರೆಯುವ ಪದ್ಧತಿಯೇ ಹೆಚ್ಚು ರೂಢಿಯಲ್ಲಿರುವುದು ವಿಷಾದದ ಸಂಗತಿ.

ಕೇಳುವುದು ಕಡಿಮೆ, ಹೇಳುವುದು ಸ್ಪಷ್ಟ

ಸೇವೆಯು ಸಣ್ಣ ಪ್ರಶ್ನೆಗೆ ಸಣ್ಣ ಉತ್ತರ ಕೊಡುವಂತಿರಬೇಕು. ಆಧಾರ್ ದೃಢೀಕರಣ ಇದಕ್ಕೆ ಮಾದರಿ. ಬೆರಳಚ್ಚು ಕಳುಹಿಸಿದರೆ ‘ಹೌದು’ ಅಥವಾ ‘ಅಲ್ಲ’ ಎಂಬ ಉತ್ತರ ಮಾತ್ರ ಬರುತ್ತದೆ, ವ್ಯಕ್ತಿಯ ಪೂರ್ತಿ ವಿವರ ಬರುವುದಿಲ್ಲ. ಬೀಜ ವಿತರಿಸುವವರಿಗೆ ಈತ ಸಣ್ಣ ರೈತನೇ ಎಂಬುದಷ್ಟು ತಿಳಿದರೆ ಸಾಕು. ಆತನ ಬ್ಯಾಂಕು ಖಾತೆ, ಸಾಲದ ಬಾಕಿ ಇವು ಅವರಿಗೆ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಆಶಯವೂ ಇದೇ ದಿಕ್ಕಿನದು. ಸಣ್ಣ ಸೇವೆಗಳಿಗೆ ಇನ್ನೊಂದು ಗುಣವಿದೆ. ಅವನ್ನು ಬೇರೆಯವರೂ ಬಳಸಬಹುದು. ‘ಪಿ.ಎಂ. ಕಿಸಾನ್ ಅರ್ಹತೆ’ ಎಂಬ ದೊಡ್ಡ ಸೇವೆ ಪಿ.ಎಂ. ಕಿಸಾನ್‌ಗೆ ಮಾತ್ರ ಉಪಯೋಗ. ‘ಈ ಎಫ್.ಐ.ಡಿ.ಗೆ ಸೇರಿದ ಸರ್ವೆ ನಂಬರುಗಳು ಯಾವುವು’ ಎಂಬ ಸೇವೆ ಎಲ್ಲರಿಗೂ ಬೇಕು.

ಉತ್ತರ ‘ಇಲ್ಲ’ ಎಂದಾದಾಗ ಏಕೆ ಇಲ್ಲ ಎಂಬುದನ್ನು ಹೇಳಬೇಕು. ಇದು ಬಹಳ ಅಲಕ್ಷ್ಯಕ್ಕೆ ಒಳಗಾದ ತತ್ತ್ವ. ‘ಅರ್ಜಿ ವಿಫಲವಾಗಿದೆ’ ಎಂಬ ಸಾಲನ್ನು ಓದಿ ರೈತ ಏನು ಮಾಡಬೇಕು? ‘ಸರ್ವೆ ನಂಬರ್ 48ರ ಪಹಣಿಯಲ್ಲಿ ಹೆಸರು ಹೀಗಿದೆ, ಆಧಾರ್‌ನಲ್ಲಿ ಹೀಗಿದೆ, ಹೊಂದುತ್ತಿಲ್ಲ, ಪಹಣಿ ತಿದ್ದಲು ನಾಡಕಛೇರಿಗೆ ಅರ್ಜಿ ಕೊಡಿ’ ಎಂದು ಹೇಳಿದರೆ ಒಂದೇ ಓಡಾಟದಲ್ಲಿ ಕೆಲಸ ಮುಗಿಯುತ್ತದೆ. ರೋಗ ಬಂದ ಗಿಡವನ್ನು ತಂದ ರೈತನಿಗೆ ‘ಗಿಡಕ್ಕೆ ರೋಗ ಬಂದಿದೆ’ ಎಂದು ಹೇಳಿ ಕಳುಹಿಸುವ ಸಸ್ಯರೋಗ ತಜ್ಞರು ಯಾರಾದರೂ ಇದ್ದಾರೆಯೇ?

ಎರಡು ಬಾರಿ ಒತ್ತಿದ ಗುಂಡಿ

ಜೂನ್ ತಿಂಗಳು. ರೈತ ಸಂಪರ್ಕ ಕೇಂದ್ರದ ಮುಂದೆ ಬೀಜಕ್ಕೆ ಸಾಲು. ಗುಂಡಿ ಒತ್ತಿದ ಕ್ಷಣಕ್ಕೆ ವಿದ್ಯುತ್ತೋ ಸಂಪರ್ಕವೋ ಹೋಯಿತು. ಹಿಂದಕ್ಕೆ ಬಂದಾಗ ಹಿಂದಿನ ಬೇಡಿಕೆ ಮುಟ್ಟಿತೋ ಇಲ್ಲವೋ ತಿಳಿಯದು. ಇನ್ನೊಮ್ಮೆ ಒತ್ತಿದರೆ ರೈತನ ಲೆಕ್ಕದಲ್ಲಿ ಎರಡು ಚೀಲ ಬರೆದುಕೊಂಡು ಆತನ ಪಾಲು ಮುಗಿದುಹೋಗಬಹುದು. ಒತ್ತದಿದ್ದರೆ ಬೀಜವೇ ಇಲ್ಲ. ಇದಕ್ಕೆ ಉಪಾಯವೆಂದರೆ, ಕೇಳುವ ಗಣಕಯಂತ್ರವೇ ಪ್ರತಿ ಬೇಡಿಕೆಗೆ ಒಂದು ರಸೀತಿ ಸಂಖ್ಯೆ ಹಾಕಿ ಕಳುಹಿಸುವುದು. ಅದೇ ಸಂಖ್ಯೆಯ ಬೇಡಿಕೆ ಎರಡನೆಯ ಬಾರಿ ಬಂದರೆ ಉತ್ತರಿಸುವ ಯಂತ್ರವು ಹೊಸದಾಗಿ ಬರೆದುಕೊಳ್ಳದೆ ‘ಇದು ಆಗಲೇ ಆಗಿದೆ’ ಎಂದು ಮೊದಲಿನ ಉತ್ತರವನ್ನೇ ಮರಳಿ ಕೊಡಬೇಕು. ಹತ್ತು ಸಲ ಒತ್ತಿದರೂ ಫಲ ಒಂದೇ ಆಗಿರಬೇಕು. ಹಣ ಮತ್ತು ಸಾಮಗ್ರಿಗೆ ಸಂಬಂಧಿಸಿದ ಯಾವ ಸೇವೆಯನ್ನೂ ಈ ಏರ್ಪಾಟಿಲ್ಲದೆ ಬಳಕೆಗೆ ಬಿಡಕೂಡದು.

ಒಂದು ಸೇವೆಯನ್ನು ಹತ್ತು ಇಲಾಖೆಗಳು ನಂಬಿಕೊಂಡಾಗ ಅದು ನಿಂತರೆ ಹತ್ತೂ ನಿಲ್ಲುತ್ತವೆ ಎಂಬುದನ್ನೂ ಮರೆಯಬಾರದು. ಬಿತ್ತನೆಯ ವಾರದಲ್ಲಿ ಬರುವ ನೂಕುನುಗ್ಗಲನ್ನು ಲೆಕ್ಕಕ್ಕೆ ತೆಗೆದುಕೊಂಡು ಯಂತ್ರದ ಶಕ್ತಿಯನ್ನು ನಿಗದಿ ಮಾಡಬೇಕು, ವರ್ಷದ ಸರಾಸರಿಯಿಂದ ಅಲ್ಲ. ಕೆರೆಯ ಕೋಡಿಯನ್ನು ಸರಾಸರಿ ಮಳೆಗೆ ಕಟ್ಟುವುದಿಲ್ಲವಷ್ಟೆ.

ಬದಲಾವಣೆ ಮಾಡುವಾಗ

ಕಾಲ ಕಳೆದಂತೆ ಸೇವೆ ಬದಲಾಗಲೇಬೇಕು. ಹಿಂದೆ ಎಕ್ಸ್.ಎಂ.ಎಲ್. ಎಂಬ ಲಕೋಟೆಯಲ್ಲಿ ಹೋಗುತ್ತಿದ್ದ ಉತ್ತರಗಳು ಈಗ ಹೆಚ್ಚಾಗಿ ಜೆಸಾನ್ ಎಂಬ ಹಗುರ ರೂಪದಲ್ಲಿ ಹೋಗುತ್ತವೆ. ಲಕೋಟೆ ಯಾವುದಾದರೂ ಇರಲಿ, ಬಳಸುವವರಿಗೆ ತಿಳಿಸದೆ ಬದಲಿಸಬಾರದು. ಹೊಸ ವಿಷಯವನ್ನು ಸೇರಿಸುವುದು ಸುಲಭ. ಇದ್ದದ್ದನ್ನು ತೆಗೆಯುವುದು, ಅದರ ಅರ್ಥ ಬದಲಿಸುವುದು ಅಪಾಯ.

ಇಲ್ಲಿಯೂ ಪಿ.ಟಿ.ಓ. ಶಾಫ್ಟಿನಿಂದ ಕಲಿಯಬಹುದು. ಮೂಲ ಮಾನದಂಡದಲ್ಲಿ ನಿಮಿಷಕ್ಕೆ 540 ಸುತ್ತಿನ ಶಾಫ್ಟಿಗೆ 6 ಹಲ್ಲು, 1000 ಸುತ್ತಿನದಕ್ಕೆ 21 ಹಲ್ಲು. ದಪ್ಪ ಎರಡರದೂ 35 ಮಿಲಿಮೀಟರು. ವೇಗ ಹೆಚ್ಚಿಸಿದವರು ಹಲ್ಲಿನ ಸಂಖ್ಯೆಯನ್ನು ಬೇಕೆಂದೇ ಬದಲಿಸಿದರು. ನಿಧಾನದ ಯಂತ್ರವನ್ನು ಮರೆತು ವೇಗದ ಶಾಫ್ಟಿಗೆ ಹಾಕಲು ಹೋದರೆ ಅದು ಒಳಗೇ ಹೋಗುವುದಿಲ್ಲ. ಹೊಂದದ ಬದಲಾವಣೆ ಮಾಡುವಾಗ ಹೊಸ ಆವೃತ್ತಿಗೆ ಹೊಸ ವಿಳಾಸ ಕೊಟ್ಟು, ಹಳೆಯದನ್ನು ಒಂದು ಗೊತ್ತಾದ ದಿನದವರೆಗೆ ನಡೆಸಿ, ಆ ದಿನವನ್ನು ಎಲ್ಲರಿಗೂ ಮುಂಚೆಯೇ ತಿಳಿಸುವುದು ಇದೇ ಕ್ರಮ. ಮುಂಗಾರಿನ ನಡುವೆ ಹಳೆಯದನ್ನು ನಿಲ್ಲಿಸಬಾರದೆಂದು ಬೇರೆ ಹೇಳಬೇಕಿಲ್ಲ.

ಅಲ್ಲದೆ ಹೊಸ ತಳಿಯನ್ನು ಪ್ರಾತ್ಯಕ್ಷಿಕೆ ತಾಕಿನಲ್ಲಿ ಬೆಳೆದು ನೋಡುವಂತೆ, ಸೇವೆಗೂ ಒಂದು ಪರೀಕ್ಷಾ ತಾಣ ಇರಬೇಕು. ಕಲ್ಪಿತ ರೈತರು, ಕಲ್ಪಿತ ಸರ್ವೆ ನಂಬರುಗಳನ್ನು ಅಲ್ಲಿಟ್ಟು ಬಳಸುವ ಇಲಾಖೆಗಳು ತಪ್ಪು ಮಾಡಿ ಕಲಿಯಲು ಬಿಡಬೇಕು.

ಎಸ್ಟೋನಿಯಾ ಮತ್ತು ಇಲ್ಲಿಯ ಬ್ಯಾಂಕು

ಯುರೋಪಿನ ಎಸ್ಟೋನಿಯಾ ಎಂಬ ಪುಟ್ಟ ದೇಶ 2001ರಲ್ಲಿ ‘ಎಕ್ಸ್-ರೋಡ್’ ಎಂಬ ವ್ಯವಸ್ಥೆಯನ್ನು ಆರಂಭಿಸಿತು. ಅಲ್ಲಿ ದತ್ತಾಂಶವನ್ನು ಒಂದೇ ದೊಡ್ಡ ಉಗ್ರಾಣಕ್ಕೆ ತಂದು ಸುರಿಯಲಿಲ್ಲ. ಪ್ರತಿ ಇಲಾಖೆಯ ದಾಖಲೆ ಆಯಾ ಇಲಾಖೆಯಲ್ಲಿಯೇ ಇದೆ. ಪ್ರಶ್ನೆ ಉತ್ತರಗಳು ಮಾತ್ರ ಸಹಿ ಮತ್ತು ಮೊಹರಿನೊಂದಿಗೆ ಓಡಾಡುತ್ತವೆ, ಪ್ರತಿಯೊಂದೂ ದಾಖಲಾಗುತ್ತದೆ. ಒಂದೇ ಮಾಹಿತಿಯನ್ನು ಸಂಗ್ರಹಿಸಲು ಎರಡನೆಯ ದತ್ತಾಂಶ ಕೋಶ ಸ್ಥಾಪಿಸುವುದನ್ನು ಅಲ್ಲಿಯ ಕಾನೂನೇ ನಿಷೇಧಿಸಿದೆ. ತನ್ನ ದಾಖಲೆಯನ್ನು ಯಾವ ಕಛೇರಿ ಯಾವಾಗ ನೋಡಿತೆಂಬುದನ್ನು ಪ್ರಜೆಯೇ ನೋಡಬಹುದು. ಈ ಕೊನೆಯ ಅನುಕೂಲ ರೈತನಿಗೂ ದೊರೆಯಬೇಕಾದದ್ದು ನ್ಯಾಯ.

ಭಾರತ ಸರ್ಕಾರವೂ 2015ರಲ್ಲಿ ಮುಕ್ತ ಎ.ಪಿ.ಐ. ನೀತಿಯನ್ನು ಹೊರಡಿಸಿ, ಇಲಾಖೆಗಳು ತಮ್ಮ ಸೇವೆಗಳನ್ನು ಇತರರು ಬಳಸುವಂತೆ ತೆರೆದಿಡಬೇಕೆಂದು ಹೇಳಿತು. ಕರ್ನಾಟಕದಲ್ಲಿ ಇದರ ಫಲ ಚೆನ್ನಾಗಿ ಕಂಡದ್ದು ಬೆಳೆ ಸಾಲದಲ್ಲಿ. ಮೊದಲು ಸಾಲಕ್ಕೆ ಹೋದ ರೈತ ಪಹಣಿ, ಋಣಭಾರ ಪತ್ರ, ಊರಿನ ಇತರ ಬ್ಯಾಂಕುಗಳಿಂದ ಬಾಕಿಯಿಲ್ಲವೆಂಬ ಪತ್ರ ಎಲ್ಲವನ್ನೂ ಕಟ್ಟಿಕೊಂಡು ಅಲೆಯಬೇಕಿತ್ತು. ಫ್ರೂಟ್ಸ್‌ಗೆ ಸೇರಿದ ಬ್ಯಾಂಕು ಎಫ್.ಐ.ಡಿ. ಹಾಕಿ ಜಮೀನಿನ ವಿವರ ಮತ್ತು ಈಗಾಗಲೇ ಇರುವ ಸಾಲವನ್ನು ನೋಡಬಹುದು. ಭೋಜಾ ಘೋಷಣೆಯನ್ನು ಗಣಕಯಂತ್ರದ ಮೂಲಕವೇ ಕಳುಹಿಸಬಹುದು. ಅದು ಪಹಣಿಯ 11ನೇ ಕಾಲಮಿನಲ್ಲಿ ದಾಖಲಾಗುತ್ತದೆ. ರೈತ ತಂತಿಯಾಗಬೇಕಾದ ಕೆಲಸ ಇಷ್ಟರ ಮಟ್ಟಿಗೆ ತಪ್ಪಿತು.

ತಪ್ಪೂ ಮರುಬಳಕೆಯಾಗುತ್ತದೆ

ಮೇಲಿನ ಎಲ್ಲಕ್ಕಿಂತ ಹೆಚ್ಚಾಗಿ ಗಮನಿಸಬೇಕಾದ ಮಾತು ಇದು. ಒಂದು ದಾಖಲೆಯನ್ನು ಹತ್ತು ಕಡೆ ಬಳಸಿದಾಗ ಅದರಲ್ಲಿರುವ ತಪ್ಪನ್ನೂ ಹತ್ತು ಕಡೆ ಬಳಸಿದಂತಾಗುತ್ತದೆ. ಹಿಂದೆ ಕೃಷಿ ಇಲಾಖೆಯ ಪಟ್ಟಿಯಲ್ಲಿ ಹೆಸರು ಬಿಟ್ಟುಹೋದರೆ ಬೀಜ ಮಾತ್ರ ತಪ್ಪುತ್ತಿತ್ತು. ಈಗ ಎಫ್.ಐ.ಡಿ.ಯಲ್ಲಿ ಸರ್ವೆ ನಂಬರು ಬಿಟ್ಟರೆ ಆ ಹೊಲದ ಬೀಜ, ಪರಿಹಾರ, ವಿಮೆ, ಬೆಂಬಲ ಬೆಲೆ ಒಟ್ಟಿಗೇ ತಪ್ಪಬಹುದು.

ಬೆಳೆ ಸಮೀಕ್ಷೆ ಇದಕ್ಕೆ ಕಣ್ಣೆದುರಿನ ಸಾಕ್ಷಿ. ಮೊಬೈಲಿನಲ್ಲಿ ಪ್ರತಿ ತಾಕಿನ ಬೆಳೆಯ ಛಾಯಾಚಿತ್ರ ತೆಗೆದು ದಾಖಲಿಸುತ್ತಾರೆ. 2020ರಿಂದ ರೈತರೇ ದಾಖಲಿಸಲೂ ಅವಕಾಶವಾಯಿತು. ತೊಗರಿ ಇರುವ ಹೊಲಕ್ಕೆ ಹೆಸರುಕಾಳು ಎಂದು ದಾಖಲಾದರೆ, ತೊಗರಿಗೆ ಕಟ್ಟಿದ ವಿಮೆ ಆ ದಾಖಲೆಗೆ ಹೊಂದುವುದಿಲ್ಲ. ಖರೀದಿ ಕೇಂದ್ರದಲ್ಲಿ ತೊಗರಿ ಮಾರಲು ಹೋದರೂ ಅದೇ ಉತ್ತರ.

ಹೀಗಾಗಿ ಮರುಬಳಕೆಯ ಸೇವೆ ಕಟ್ಟುವವರು ತಿದ್ದುಪಡಿಯ ದಾರಿಯನ್ನೂ ಅದರೊಂದಿಗೇ ಕಟ್ಟಬೇಕು. ಆಕ್ಷೇಪಣೆಯನ್ನು ಯಾವ ಇಲಾಖೆಯ ಕಿಟಕಿಯಲ್ಲಿ ಕೊಟ್ಟರೂ ಅದು ದಾಖಲೆಯ ಯಜಮಾನನಿಗೆ ಮುಟ್ಟಬೇಕು. ಆತ ಗೊತ್ತಾದ ದಿನಗಳೊಳಗೆ ತೀರ್ಮಾನಿಸಬೇಕು. ತಿದ್ದಿದ ಸುದ್ದಿ, ತಪ್ಪು ಉತ್ತರ ಪಡೆದ ಎಲ್ಲ ಇಲಾಖೆಗಳಿಗೂ ತಾನಾಗಿ ಹೋಗಬೇಕು. ಯಾರಿಗೆ ಯಾವ ಉತ್ತರ ಕೊಟ್ಟೆನೆಂಬ ದಿನಚರಿಯನ್ನು ಸೇವೆ ಇಟ್ಟಿದ್ದರೆ ಇದು ಸಾಧ್ಯ. ಸದ್ಯ ಈ ಕೊನೆಯ ಭಾಗವೇ ಎಲ್ಲಕ್ಕಿಂತ ದುರ್ಬಲ. ರೈತ ಪಹಣಿಯನ್ನು ತಿದ್ದಿಸಿದ ಮೇಲೂ ಫ್ರೂಟ್ಸ್‌ನಲ್ಲಿ ನೋಡಬೇಕು, ವಿಮೆಯಲ್ಲಿ ನೋಡಬೇಕು.

ತಾತನ ಹೆಸರಿನಲ್ಲಿಯೇ ಉಳಿದ ಪಹಣಿಯನ್ನು ಯಾವ ವೆಬ್ ಸೇವೆಯೂ ಸರಿಪಡಿಸಲಾರದು ಎಂಬುದನ್ನೂ ಹೇಳಬೇಕು. ಪೌತಿ ಖಾತೆ ಮಾಡಿಸಿಕೊಳ್ಳದ ಮನೆಗಳಲ್ಲಿ ಉಳುವವನ ಎಫ್.ಐ.ಡಿ.ಗೆ ಆ ಜಮೀನು ಸೇರುವುದೇ ಇಲ್ಲ. ಗೇಣಿಗೆ ಉಳುವವನ ಸ್ಥಿತಿ ಇನ್ನೂ ಕಷ್ಟ. ದಾಖಲೆಯಲ್ಲಿ ಆತನಿಗೆ ಜಾಗವೇ ಇಲ್ಲದಿದ್ದರೆ ಪ್ರಶ್ನೆ ಎಷ್ಟು ಚೆನ್ನಾಗಿ ಕೇಳಿದರೂ ಉತ್ತರ ‘ಇಲ್ಲ’ ಎಂದೇ ಬರುತ್ತದೆ.

ಸಹಕಾರ ಸಂಘದ ನಿರ್ದೇಶಕರಾಗಿರುವ ರೈತರು ಇನ್ನೊಂದು ಮಾತನ್ನು ಗಮನಿಸಬೇಕು. 2022ರಲ್ಲಿ ಕೇಂದ್ರ ಸರ್ಕಾರ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಮಂಜೂರಾತಿ ನೀಡಿತು. ಸಂಘದ ಸಭೆಯಲ್ಲಿ ತಂತ್ರಾಂಶದ ವಿಷಯ ಬಂದಾಗ ಕೇಳಬೇಕಾದ ಪ್ರಶ್ನೆಗಳು ಕಷ್ಟದವೇನಲ್ಲ. ಸದಸ್ಯನ ವಿವರವನ್ನು ಎಫ್.ಐ.ಡಿ.ಯಿಂದ ಪಡೆಯುತ್ತದೆಯೇ, ಮತ್ತೆ ಟೈಪು ಮಾಡಬೇಕೇ? ಗುಂಟೆಯನ್ನು ಹೇಗೆ ಬರೆದುಕೊಳ್ಳುತ್ತದೆ? ಸಂಪರ್ಕ ಹೋದಾಗ ಗೊಬ್ಬರದ ಚೀಲ ಎರಡು ಸಲ ಲೆಕ್ಕವಾಗುವುದಿಲ್ಲವೆಂಬುದಕ್ಕೆ ಏನು ಏರ್ಪಾಟಿದೆ? ನಾಳೆ ಬೇರೆಯವರ ತಂತ್ರಾಂಶ ಕೊಂಡರೆ ಸಂಘದ ಲೆಕ್ಕಪತ್ರ ಸಂಘದ ಕೈಗೆ ಪೂರ್ತಿಯಾಗಿ ಬರುತ್ತದೆಯೇ? ಮಾರುವವನು ಉತ್ತರಿಸಲು ತಡವರಿಸಿದರೆ ಖರೀದಿಯನ್ನು ಮುಂದಿನ ಸಭೆಗೆ ಹಾಕುವುದರಲ್ಲಿ ನಷ್ಟವಿಲ್ಲ.

ಇನ್ನು ಪ್ರತಿ ರೈತ ಮಾಡಬೇಕಾದದ್ದು. ಏಪ್ರಿಲ್ ತಿಂಗಳಲ್ಲಿ, ಬೀಜ ವಿತರಣೆಯ ಗದ್ದಲ ಆರಂಭವಾಗುವ ಮೊದಲು, ರೈತ ಸಂಪರ್ಕ ಕೇಂದ್ರಕ್ಕೆ ಎಲ್ಲ ಸರ್ವೆ ನಂಬರುಗಳ ಪಹಣಿ, ಆಧಾರ್ ಕಾರ್ಡು ಮತ್ತು ಬ್ಯಾಂಕು ಪಾಸ್‌ಪುಸ್ತಕದೊಂದಿಗೆ ಹೋಗಿ ಎಫ್.ಐ.ಡಿ.ಯಲ್ಲಿ ಯಾವ ಯಾವ ಹೊಲ ಸೇರಿದೆ ಎಂಬುದನ್ನು ಪರದೆಯ ಮೇಲೆಯೇ ನೋಡಿಕೊಳ್ಳಬೇಕು. ಹೊಲ ಬಿಟ್ಟಿದ್ದರೆ ಅಲ್ಲಿಯೇ ಸೇರಿಸುತ್ತಾರೆ. ಪಹಣಿಯ ಹೆಸರಿನಲ್ಲಿ ದೋಷವಿದ್ದರೆ ನಾಡಕಛೇರಿ ಅಥವಾ ತಾಲ್ಲೂಕು ಕಛೇರಿ, ಆಧಾರ್‌ನಲ್ಲಿದ್ದರೆ ಆಧಾರ್ ಕೇಂದ್ರ, ಖಾತೆಗೆ ಆಧಾರ್ ಜೋಡಣೆಯಾಗದಿದ್ದರೆ ಬ್ಯಾಂಕಿನ ಶಾಖೆ. ಬೆಳೆ ಸಮೀಕ್ಷೆಯ ವಿವರವನ್ನು ‘ಬೆಳೆ ದರ್ಶಕ’ದಲ್ಲಿ ಸರ್ವೆ ನಂಬರು ಹಾಕಿ ನೋಡಬಹುದು, ತಪ್ಪಿದ್ದರೆ ಗಡುವಿನೊಳಗೆ ಅಲ್ಲಿಯೇ ಆಕ್ಷೇಪಣೆ ಸಲ್ಲಿಸಬಹುದು. ಆಗ ಬೆಳೆ ಹೊಲದಲ್ಲಿ ಇನ್ನೂ ನಿಂತಿರುತ್ತದೆ.